ಇನ್ನೊಬ್ಬರ ಪರವಾಗಿ ಹಾಕುವ ಸಹಿ

ಶಾಲಾ ಮಕ್ಕಳ ಅಂಕಪಟ್ಟಿಯ ಕೊನೆಯಲ್ಲಿ ‘ಪೋಷಕರ ಸಹಿ’ ಎಂಬ ಒಂದು ಗೆರೆ ಇರುತ್ತದೆ. ಅಪ್ಪ ಊರಲ್ಲಿಲ್ಲದಿದ್ದರೆ ಅಮ್ಮ, ಅಮ್ಮನಿಗೆ ಬಿಡುವಿಲ್ಲದಿದ್ದರೆ ಅಜ್ಜ, ಯಾರೋ ಒಬ್ಬರು ಅಲ್ಲಿ ಸಹಿ ಹಾಕಿ ಕಳಿಸುತ್ತಾರೆ. ಯಾರೂ ಪ್ರಶ್ನೆ ಮಾಡುವುದಿಲ್ಲ. ಆದರೆ ಮಗುವಿಗೆ ಹದಿನೆಂಟು ತುಂಬಿದ ದಿನ ಕಾನೂನಿನ ಕಣ್ಣಿನಲ್ಲಿ ಆ ಗೆರೆ ಅಳಿಸಿಹೋಗುತ್ತದೆ. ಅಲ್ಲಿಂದ ಮುಂದೆ ಅವನ ಸಹಿ ಅವನದೇ. ಹೆತ್ತ ತಾಯಿಗೂ ಅವನ ಪರವಾಗಿ ಸಹಿ ಹಾಕುವ ಅಧಿಕಾರವಿಲ್ಲ. ಬಹುಪಾಲು ಮನೆಗಳಲ್ಲಿ ಇದು ಸಂತೋಷದ ಸಂಗತಿ. ಕೆಲವು ಮನೆಗಳಲ್ಲಿ ಮಾತ್ರ ಕಷ್ಟ ಆರಂಭವಾಗುವುದೇ ಆ ದಿನದಿಂದ.

ಮಗನಿಗೆ ಮೂವತ್ತು ವರ್ಷ. ಹುಟ್ಟಿನಿಂದ ಬುದ್ಧಿಯ ಬೆಳವಣಿಗೆ ಕುಂಠಿತ. ತಂದೆ ಸರ್ಕಾರಿ ನೌಕರರಾಗಿದ್ದವರು, ಮಗನ ಹೆಸರಿನಲ್ಲಿ ಒಂದಿಷ್ಟು ಠೇವಣಿ ಇಟ್ಟು ತೀರಿಕೊಂಡಿದ್ದಾರೆ. ತಾಯಿ ಬ್ಯಾಂಕಿಗೆ ಹೋಗುತ್ತಾಳೆ. ‘ನೀವು ತಾಯಿ ಅನ್ನೋದು ನಮಗೆ ಗೊತ್ತಮ್ಮ, ಆದರೆ ಗಾರ್ಡಿಯನ್ ಸರ್ಟಿಫಿಕೇಟ್ ತರಬೇಕು’ ಎನ್ನುತ್ತಾರೆ ಮ್ಯಾನೇಜರು. ಮೂವತ್ತು ವರ್ಷ ಅನ್ನ ಕಲಸಿ ತಿನ್ನಿಸಿದ ಕೈಗೆ ಇನ್ನೊಂದು ಸರ್ಟಿಫಿಕೇಟು ಏಕೆ ಎಂಬುದು ಆಕೆಯ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದೇ ಬ್ಯಾಂಕಿಗೆ ನಾಳೆ ಚಿಕ್ಕಪ್ಪ ಬಂದು ‘ಹುಡುಗನನ್ನು ನೋಡಿಕೊಳ್ಳುವವನು ನಾನೇ’ ಎಂದರೆ? ಮ್ಯಾನೇಜರ ಹಟಕ್ಕೂ ಒಂದು ಅರ್ಥವಿದೆ. ಈ ಎರಡು ಮಾತುಗಳ ನಡುವಿನ ಇಕ್ಕಟ್ಟಿನ ಜಾಗದಲ್ಲಿ ನಿಂತಿರುವವನೇ ಕಾನೂನು ಹೇಳುವ ಪಾಲಕ. ಇಂದಿನ ಮಾತು ಅವನನ್ನು ಕುರಿತದ್ದು.

ಮೊದಲಿಗೆ ಒಂದು ಸ್ಪಷ್ಟನೆ. ಪಾಲಕ ಎಂದ ಕೂಡಲೇ ನಮಗೆ ನೆನಪಾಗುವುದು ತಂದೆತಾಯಿಯಿಲ್ಲದ ಮಕ್ಕಳು. ಅವರಿಗೆ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆ ಇದೆ, ಅದು ಮೈನರುಗಳಿಗೆ ಮಾತ್ರ. ವಯಸ್ಸಿಗೆ ಬಂದಿದ್ದರೂ ತಮ್ಮ ವ್ಯವಹಾರವನ್ನು ತಾವು ನೋಡಿಕೊಳ್ಳಲಾಗದವರ ಸಂಗತಿ ಬೇರೆ. ಇವರಲ್ಲೂ ಎಲ್ಲರೂ ಒಂದೇ ಅಲ್ಲ. ಹುಟ್ಟಿನಿಂದಲೇ ಬೌದ್ಧಿಕ ತೊಂದರೆ ಇರುವವರಿದ್ದಾರೆ. ಚೆನ್ನಾಗಿಯೇ ಬಾಳಿ, ಎಪ್ಪತ್ತರ ಮೇಲೆ ಮರೆವಿನ ರೋಗಕ್ಕೆ ಸಿಕ್ಕವರಿದ್ದಾರೆ. ಬೆಳಿಗ್ಗೆ ಸ್ಕೂಟರ್ ಏರಿ ಹೊರಟು ಸಂಜೆ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದವರಿದ್ದಾರೆ. ಹೊರಗಿನಿಂದ ನೋಡುವವರಿಗೆ ಕಷ್ಟ ಒಂದೇ. ಕಾನೂನು ಮಾತ್ರ ಇವರಲ್ಲಿ ಒಬ್ಬೊಬ್ಬರನ್ನು ಒಂದೊಂದು ಬಾಗಿಲಿಗೆ ಕಳಿಸುತ್ತದೆ. ಕೆಲವರಿಗೆ ಬಾಗಿಲೇ ಇಲ್ಲ.

ಇದು ಹೊಸ ಸಮಸ್ಯೆಯಲ್ಲ. ಎಳೆಯರಿಗೆ ಬಂದ ಆಸ್ತಿಯನ್ನು ಅವರು ದೊಡ್ಡವರಾಗುವವರೆಗೆ ರಾಜನೇ ಕಾಯಬೇಕೆಂದು ಮನುಸ್ಮೃತಿ ಹೇಳುತ್ತದೆ. ಆದರೆ ದೊಡ್ಡವರಾದ ಮೇಲೂ ಬುದ್ಧಿ ಬಲಿಯದವರ ಗತಿ ಏನು ಎಂಬ ಪ್ರಶ್ನೆಗೆ ವಿಸ್ತಾರವಾದ ಚರ್ಚೆ ಸಿಗುವುದು ನಮ್ಮ ನೆಲದಲ್ಲೇ ಹುಟ್ಟಿದ ಒಂದು ಗ್ರಂಥದಲ್ಲಿ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಅಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಮುಂದೆ ಬಂಗಾಳದ ಕಡೆಯನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂಗಳ ಆಸ್ತಿ ಹಂಚಿಕೆಗೆ ಆಧಾರವಾದದ್ದು ಇದೇ.

ಯಾಜ್ಞವಲ್ಕ್ಯ ಒಂದು ಪಟ್ಟಿ ಕೊಡುತ್ತಾನೆ. ಕುಂಟ, ಕುರುಡ, ಉನ್ಮತ್ತ, ಜಡ, ವಾಸಿಯಾಗದ ರೋಗವುಳ್ಳವನು, ಹೀಗೆ ಸಾಗುತ್ತದೆ. ಇವರೆಲ್ಲರಿಗೂ ಅವನ ತೀರ್ಪು ಒಂದೇ: ಇವರನ್ನು ಸಾಕಬೇಕು, ಪಾಲು ಕೊಡಬೇಕಿಲ್ಲ. ಅನ್ನ ಉಂಟು, ಆಸ್ತಿ ಇಲ್ಲ. ಈ ಕಾಲದ ಕಿವಿಗೆ ಇದು ಕಠೋರವಾಗಿ ಕೇಳಿಸುತ್ತದೆ. ಕಠೋರವೇ ಹೌದು. ಆದರೂ ವಿಜ್ಞಾನೇಶ್ವರ ಅದನ್ನು ಸಡಿಲಿಸಿದ ರೀತಿಯನ್ನು ಗಮನಿಸಬೇಕು. ಪಾಲು ಆಗುವ ಮೊದಲೇ ದೋಷ ಇದ್ದರೆ ಮಾತ್ರ ಈ ನಿಯಮ. ಪಾಲು ಪಡೆದು ಬೇರೆಯಾದ ಮೇಲೆ ಬುದ್ಧಿ ಕೆಟ್ಟವನಿಂದ ಅದನ್ನು ಕಿತ್ತುಕೊಳ್ಳುವಂತಿಲ್ಲ. ಔಷಧೋಪಚಾರದಿಂದ ದೋಷ ಹೋದರೆ, ವಿಭಾಗ ಮುಗಿದಿದ್ದರೂ ಅವನಿಗೆ ಪಾಲು ಬರಬೇಕು. ಅವನ ಮಕ್ಕಳು ಆರೋಗ್ಯವಂತರಾಗಿದ್ದರೆ ಅವರ ಪಾಲಿಗೆ ಚ್ಯುತಿಯಿಲ್ಲ. ಹುಚ್ಚು ವಾಸಿಯಾಗಬಹುದು ಎಂಬ ನಂಬಿಕೆಯನ್ನು ಒಬ್ಬ ನ್ಯಾಯಶಾಸ್ತ್ರಜ್ಞ ಒಂಬೈನೂರು ವರ್ಷಗಳ ಹಿಂದೆ ಆಸ್ತಿಯ ಲೆಕ್ಕದೊಳಗೆ ಸೇರಿಸಿದ್ದು ಸಣ್ಣ ಮಾತಲ್ಲ.

ಈ ವ್ಯವಸ್ಥೆಯಲ್ಲಿ ಪಾಲಕ ಎಂಬ ಪ್ರತ್ಯೇಕ ಹುದ್ದೆಯ ಅಗತ್ಯವೇ ಬೀಳುತ್ತಿರಲಿಲ್ಲ. ಆಸ್ತಿಯೇ ಇಲ್ಲದವನಿಗೆ ಆಸ್ತಿ ಕಾಯುವವನೇಕೆ? ಅವಿಭಕ್ತ ಕುಟುಂಬದ ಯಜಮಾನ ಎಲ್ಲರಿಗೂ ಅನ್ನ ಹಾಕುವಂತೆ ಇವನಿಗೂ ಹಾಕುತ್ತಿದ್ದ. ಹಾಕದಿದ್ದರೆ ಕೇಳುವವರು ಊರ ಹಿರಿಯರು. ಬ್ರಿಟಿಷ್ ಇಂಡಿಯಾದಲ್ಲಿ 1928ರ ಒಂದು ಕಾಯ್ದೆ ಈ ಪಟ್ಟಿಯನ್ನು ಬಹುಮಟ್ಟಿಗೆ ಅಳಿಸಿ, ಹುಟ್ಟಿನಿಂದ ಬುದ್ಧಿಯಿಲ್ಲದವರನ್ನು ಮಾತ್ರ ಹೊರಗೆ ಉಳಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅದನ್ನೂ ತೆಗೆದುಹಾಕಿ, ರೋಗ ಅಥವಾ ಅಂಗವೈಕಲ್ಯದ ಕಾರಣಕ್ಕೆ ಯಾರೂ ಹಕ್ಕು ಕಳೆದುಕೊಳ್ಳುವುದಿಲ್ಲ ಎಂದಿತು. ಪಾಲು ಬಂತು. ಪಾಲಿನೊಡನೆ ಅದನ್ನು ಕಾಯುವವನ ಪ್ರಶ್ನೆಯೂ ಬಂತು.

ಆ ಪ್ರಶ್ನೆಗೆ ಬ್ರಿಟಿಷರು ತಮ್ಮ ಉತ್ತರವನ್ನು ಅದಾಗಲೇ ತಂದಿದ್ದರು. ಇಂಗ್ಲೆಂಡಿನಲ್ಲಿ ಮಧ್ಯಯುಗದಿಂದಲೂ ದೊರೆಯೇ ಇಂಥವರ ಪಾಲಕ. ಅಲ್ಲಿ ಇವರನ್ನು ಎರಡು ಬಗೆಯಾಗಿ ಕಾಣುತ್ತಿದ್ದರು. ಹುಟ್ಟಿನಿಂದ ಬುದ್ಧಿಯಿಲ್ಲದವನ ಜಮೀನಿನ ಆದಾಯವನ್ನು ದೊರೆ ತಾನೇ ಅನುಭವಿಸಿ, ಅವನಿಗೆ ಊಟ ಬಟ್ಟೆ ಕೊಡುತ್ತಿದ್ದ. ಆಮೇಲೆ ಬುದ್ಧಿ ಕೆಟ್ಟವನ ಆದಾಯವನ್ನು ಮಾತ್ರ ಮುಟ್ಟುವಂತಿರಲಿಲ್ಲ, ಗುಣವಾದಾಗ ಲೆಕ್ಕ ಸಮೇತ ಹಿಂದಿರುಗಿಸಬೇಕಾಗಿತ್ತು. ದೇಶದ ಪ್ರಜೆಗಳಿಗೆಲ್ಲ ಪ್ರಭುತ್ವವೇ ತಂದೆ ಎಂಬ ಆ ಕಲ್ಪನೆ ಇಂದಿಗೂ ನಮ್ಮ ಉಚ್ಚ ನ್ಯಾಯಾಲಯಗಳ ತೀರ್ಪುಗಳಲ್ಲಿ ಲ್ಯಾಟಿನ್ ಹೆಸರು ಹೊತ್ತು ಓಡಾಡುತ್ತದೆ.

ಕಂಪನಿಯ ಕೈಯಿಂದ ಆಡಳಿತ ರಾಣಿಯ ಕೈಗೆ ಹೋದ 1858ರಲ್ಲೇ ಈ ವಿಷಯದ ಮೇಲೆ ಒಟ್ಟಿಗೆ ಮೂರು ಕಾಯ್ದೆಗಳು ಬಂದವು. ಒಂದು ಪ್ರೆಸಿಡೆನ್ಸಿ ನಗರಗಳ ದೊಡ್ಡ ನ್ಯಾಯಾಲಯಗಳಿಗೆ, ಒಂದು ಜಿಲ್ಲಾ ನ್ಯಾಯಾಲಯಗಳಿಗೆ, ಇನ್ನೊಂದು ಹುಚ್ಚಾಸ್ಪತ್ರೆಗಳಿಗೆ. ಧಾರವಾಡದ ಆಸ್ಪತ್ರೆ ಅದಕ್ಕೂ ಹಿಂದಿನದು, 1845ರದ್ದು. 1912ರಲ್ಲಿ ಈ ಮೂರನ್ನೂ ಸೇರಿಸಿ ಭಾರತೀಯ ಹುಚ್ಚರ ಕಾಯ್ದೆ ಮಾಡಿದರು. ಇದರ ಪ್ರಕಾರ ಜಿಲ್ಲಾ ನ್ಯಾಯಾಧೀಶರು ವಿಚಾರಣೆ ನಡೆಸಿ, ಒಬ್ಬ ವ್ಯಕ್ತಿ ತನ್ನನ್ನೂ ತನ್ನ ವ್ಯವಹಾರವನ್ನೂ ನೋಡಿಕೊಳ್ಳಲು ಅಸಮರ್ಥ ಎಂದು ತೀರ್ಮಾನಿಸಿದರೆ, ಅವನ ದೇಹಕ್ಕೆ ಒಬ್ಬ ಪಾಲಕನನ್ನೂ ಆಸ್ತಿಗೆ ಒಬ್ಬ ವ್ಯವಸ್ಥಾಪಕನನ್ನೂ ನೇಮಿಸುತ್ತಿದ್ದರು.

ದೇಹಕ್ಕೊಬ್ಬ, ಆಸ್ತಿಗೊಬ್ಬ. ಈ ವಿಂಗಡಣೆಯ ಹಿಂದೆ ಒಂದು ಜಾಣತನವಿದೆ. ಅಸಮರ್ಥನ ಮರಣಾನಂತರ ಆಸ್ತಿ ಯಾರಿಗೆ ಬರಬೇಕೋ ಆ ವಾರಸುದಾರನನ್ನು ಅವನ ದೇಹದ ಪಾಲಕನಾಗಿ ಮಾಡಕೂಡದು ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ನಿಯಮ. ಅವನು ಬೇಗ ಸಾಯಲಿ ಎಂದು ಬಯಸುವವನ ಕೈಗೆ ಅವನ ಊಟದ ತಟ್ಟೆಯನ್ನು ಕೊಡುವುದು ಹೇಗೆ? ಅದೇ ವಾರಸುದಾರ ಆಸ್ತಿ ನೋಡಿಕೊಳ್ಳಲು ಅಡ್ಡಿಯಿಲ್ಲ, ಮುಂದೆ ತನ್ನದಾಗುವುದನ್ನು ಅವನು ಹಾಳು ಮಾಡಲಾರ. ಭಾರತದ ಕಾಯ್ದೆಯಲ್ಲೂ ಈ ನಿಯಮ ಬಂತು. 1912ರಲ್ಲಿ ತುಸು ಸಡಿಲಗೊಂಡು, ಕಾರಣಗಳನ್ನು ಬರೆದಿಟ್ಟು ವಾರಸುದಾರನನ್ನೂ ನೇಮಿಸಬಹುದು ಎಂದಾಯಿತು. ಸಡಿಲಿಸದೆ ವಿಧಿಯಿರಲಿಲ್ಲ. ನಮ್ಮ ಮನೆಗಳಲ್ಲಿ ಮಲಮೂತ್ರ ಬಳಿಯುವವರೂ ಅಣ್ಣತಮ್ಮಂದಿರೇ, ಹೊಲದ ಮೇಲೆ ಕಣ್ಣಿಟ್ಟವರೂ ಅಣ್ಣತಮ್ಮಂದಿರೇ. ‘ದಾಯಾದಿ’ ಎಂಬ ಕನ್ನಡದ ಒಂದೇ ಪದದಲ್ಲಿ ಹತ್ತಿರದ ನಂಟನೂ ಇದ್ದಾನೆ, ವೈರಿಯೂ ಇದ್ದಾನೆ. ಇಂಗ್ಲೆಂಡಿನ ಸೂತ್ರ ಈ ಪದದ ಎದುರು ತಬ್ಬಿಬ್ಬಾದದ್ದರಲ್ಲಿ ಆಶ್ಚರ್ಯವಿಲ್ಲ.

1987ರ ಮಾನಸಿಕ ಆರೋಗ್ಯ ಕಾಯ್ದೆ, ಜಾರಿಗೆ ಬಂದದ್ದು 1993ರಲ್ಲಿ, ‘ಹುಚ್ಚ’ ಎಂಬ ಪದವನ್ನು ಕೈಬಿಟ್ಟಿತು. ಉಳಿದಂತೆ ಚೌಕಟ್ಟು ಹಳೆಯದೇ. ವ್ಯವಸ್ಥಾಪಕ ಆರು ತಿಂಗಳೊಳಗೆ ಆಸ್ತಿ, ಸಾಲ, ಬರಬೇಕಾದ ಬಾಕಿ ಎಲ್ಲದರ ಪಟ್ಟಿ ಕೊಡಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕ ಒಪ್ಪಿಸಬೇಕು. ಜಿಲ್ಲಾ ನ್ಯಾಯಾಲಯದ ಅನುಮತಿಯಿಲ್ಲದೆ ಸ್ಥಿರಾಸ್ತಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಐದು ವರ್ಷಕ್ಕೆ ಮೀರಿ ಗುತ್ತಿಗೆಗೆ ಕೊಡುವಂತಿಲ್ಲ. ಪಾಲಕತ್ವ ಎಂದರೆ ಬಹುಮಟ್ಟಿಗೆ ಲೆಕ್ಕ ಬರೆಯುವ ಕೆಲಸ ಎಂಬ ಭಾವನೆ ಬರಲು ಇಂಥ ನಿಯಮಗಳೇ ಕಾರಣ.

ಆದರೆ ಹುಟ್ಟಿನಿಂದ ಬೌದ್ಧಿಕ ತೊಂದರೆ ಇರುವವರಿಗೆ ಈ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಅದು ರೋಗವಲ್ಲವಷ್ಟೆ. ‘ನಾವು ಹೋದ ಮೇಲೆ ಇವನಿಗೆ ಯಾರು?’ ಎಂದು ಕೇಳುತ್ತಿದ್ದ ತಂದೆತಾಯಿಗಳ ಸಂಘಟನೆಗಳ ಬಹುಕಾಲದ ಒತ್ತಾಯದ ಮೇಲೆ 1999ರ ಕೊನೆಯಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ವೈಕಲ್ಯ, ಈ ನಾಲ್ಕು ಗುಂಪಿನವರಿಗೆ ಇದು ಅನ್ವಯ. ಇದರ ದೊಡ್ಡ ಉಪಕಾರವೆಂದರೆ ಕೋರ್ಟಿನ ಮೆಟ್ಟಿಲನ್ನು ತಪ್ಪಿಸಿದ್ದು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವಿಕಲರಲ್ಲೇ ಒಬ್ಬರು, ಇಷ್ಟು ಜನರ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟರೆ ಸಾಕು. ಬ್ಯಾಂಕ್ ಮ್ಯಾನೇಜರು ಕೇಳಿದ ಸರ್ಟಿಫಿಕೇಟು ಸಿಗುವುದು ಇಲ್ಲಿ. ಸಮಿತಿ ಎರಡು ಸಂಗತಿಗಳನ್ನು ನೋಡಬೇಕು: ಇವರಿಗೆ ಪಾಲಕ ನಿಜವಾಗಿಯೂ ಬೇಕೆ, ಬೇಕಾದರೆ ಯಾವ ಯಾವ ಕೆಲಸಕ್ಕೆ? ಎರಡನೆಯ ಪ್ರಶ್ನೆ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಅದನ್ನು ಗಂಭೀರವಾಗಿ ಕೇಳಿದ್ದೇ ಆದರೆ ಅರ್ಧಕ್ಕರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

ಏಕೆಂದರೆ, ಅಸಮರ್ಥ ಎಂಬ ಒಂದು ಹಣೆಪಟ್ಟಿ ಎಷ್ಟು ಬಾಗಿಲುಗಳನ್ನು ಮುಚ್ಚಬಲ್ಲದು ಎಂಬುದನ್ನು ಅರ್ಜಿ ಹಾಕುವಾಗ ಯಾರೂ ಯೋಚಿಸುವುದಿಲ್ಲ. ಸ್ವಸ್ಥಚಿತ್ತನಲ್ಲದವನು ಕರಾರು ಮಾಡುವಂತಿಲ್ಲ ಎನ್ನುತ್ತದೆ 1872ರ ಕರಾರು ಕಾಯ್ದೆ. ಅಸ್ವಸ್ಥಚಿತ್ತ ಎಂದು ಸಮರ್ಥ ನ್ಯಾಯಾಲಯ ಘೋಷಿಸಿದರೆ ಮತದಾರರ ಪಟ್ಟಿಯಿಂದಲೂ ಹೆಸರು ಹೋಗುತ್ತದೆ. ಮನುಷ್ಯ ಅಷ್ಟು ಸುಲಭವಾಗಿ ಸಮರ್ಥ, ಅಸಮರ್ಥ ಎಂದು ಎರಡು ಹೋಳಾಗುವವನಲ್ಲ. ಚೆಕ್ ಬರೆಯಲು ಬಾರದ ಹುಡುಗಿಗೆ ಯಾವ ಬಸ್ಸು ಹತ್ತಬೇಕೆಂಬುದು ಗೊತ್ತಿರುತ್ತದೆ, ಯಾವ ಅತ್ತಿಗೆಯ ಮನೆಯಲ್ಲಿರಲು ತನಗೆ ಇಷ್ಟ ಎಂಬುದು ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಹಣದ ವ್ಯವಹಾರಕ್ಕೆಂದು ಮಾಡಿಸಿದ ಒಂದು ಕಾಗದದ ನೆಪದಲ್ಲಿ ಆಕೆಯನ್ನು ಉಳಿದ ಯಾವುದಕ್ಕೂ ಕೇಳುವುದೇ ಬೇಡ ಎಂದಾಗಿಬಿಡುತ್ತದೆ.

2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಚಂಡೀಗಢದ ಪ್ರಕರಣ ಇದನ್ನೇ ತೀರಾ ನೋವಿನ ರೂಪದಲ್ಲಿ ಮುಂದಿಟ್ಟಿತು. ಸರ್ಕಾರಿ ಆಶ್ರಯಧಾಮದಲ್ಲಿದ್ದ ಅನಾಥ ತರುಣಿ, ಬುದ್ಧಿಯ ಬೆಳವಣಿಗೆ ಸ್ವಲ್ಪ ಕಡಿಮೆ. ಅಲ್ಲಿಯೇ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದಳು. ಪಾಲಕನ ಸ್ಥಾನದಲ್ಲಿದ್ದ ಆಡಳಿತ ಗರ್ಭಪಾತವಾಗಲಿ ಎಂದಿತು. ಉಚ್ಚ ನ್ಯಾಯಾಲಯ ಒಪ್ಪಿತು. ಆಕೆಗೆ ಮಗು ಬೇಕಾಗಿತ್ತು. ಗರ್ಭಪಾತದ ಕಾನೂನಿನಲ್ಲಿ ಪಾಲಕರ ಒಪ್ಪಿಗೆ ಸಾಕು ಎಂದಿರುವುದು ಮಾನಸಿಕ ಅಸ್ವಸ್ಥರ ವಿಷಯದಲ್ಲಿ. ಬುದ್ಧಿಮಾಂದ್ಯರನ್ನು ಆ ಮಾತಿನಿಂದ ಹೊರಗಿಟ್ಟಿದೆ, ಆದ್ದರಿಂದ ಆಕೆಯ ಒಪ್ಪಿಗೆಯೇ ಬೇಕು ಎಂದು ಸುಪ್ರೀಂ ಕೋರ್ಟು ಆದೇಶವನ್ನು ರದ್ದುಮಾಡಿತು. ಪಾಲಕತ್ವದ ಚರಿತ್ರೆಯಲ್ಲಿ ಇದು ತಿರುವು. ಪಾಲಕನೊಬ್ಬನಿದ್ದಾನೆ ಎಂದ ಮಾತ್ರಕ್ಕೆ ಪಾಲಿತಳ ಬಾಯಿ ಮುಚ್ಚುವುದಿಲ್ಲ ಎಂದಾಯಿತು.

ಹಾಗಾದರೆ ಬಾಯಿ ತೆರೆಯಲಾರದವರ ಗತಿ? ಇಲ್ಲಿ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಳಿಯ ಹಳದಿಪುರದಿಂದ ಮುಂಬಯಿಗೆ ನರ್ಸ್ ಕೆಲಸಕ್ಕೆ ಹೋದ ಅರುಣಾ ಶಾನಭಾಗರನ್ನು ನೆನೆಯಬೇಕು. 1973ರ ನವೆಂಬರ್ 27ರಂದು ಕೆಇಎಂ ಆಸ್ಪತ್ರೆಯಲ್ಲೇ ಅವರ ಮೇಲೆ ನಡೆದ ಬರ್ಬರ ಹಲ್ಲೆಯ ಕಥೆ ಎಲ್ಲರಿಗೂ ಗೊತ್ತಿದೆ, ಅದನ್ನು ಮತ್ತೆ ಹೇಳುವುದು ಬೇಡ. ನೆನಪಿಡಬೇಕಾದದ್ದು ಆಮೇಲಿನ ನಲವತ್ತೊಂದೂವರೆ ವರ್ಷ. ಅದೇ ಆಸ್ಪತ್ರೆಯ ನರ್ಸುಗಳು, ಒಂದು ತಲೆಮಾರು ನಿವೃತ್ತಿಯಾಗಿ ಇನ್ನೊಂದು ಬಂದರೂ, ಅವರಿಗೆ ಉಣಿಸಿದರು, ಮೈ ಒರೆಸಿದರು, ಮಗ್ಗುಲು ಹೊರಳಿಸಿದರು. ಲೇಖಕಿ ಪಿಂಕಿ ವಿರಾನಿ, ಅರುಣಾರ ಆಪ್ತಮಿತ್ರರ ಸ್ಥಾನದಲ್ಲಿ ನಿಂತು, ಇನ್ನು ಆಹಾರ ನಿಲ್ಲಿಸಿ ಅವರನ್ನು ನೆಮ್ಮದಿಯಾಗಿ ಹೋಗಲು ಬಿಡಿ ಎಂದು ಸುಪ್ರೀಂ ಕೋರ್ಟನ್ನು ಕೇಳಿದರು. ನರ್ಸುಗಳು ಬೇಡ ಎಂದರು.

2011ರ ಮಾರ್ಚ್ 7ರ ಆ ತೀರ್ಪನ್ನು ಜನ ದಯಾಮರಣದ ತೀರ್ಪೆಂದು ನೆನಪಿಟ್ಟುಕೊಂಡಿದ್ದಾರೆ. ಅದರೊಳಗೆ ಪಾಲಕತ್ವದ ತೀರ್ಪೂ ಇದೆ. ಅರುಣಾರ ಪರವಾಗಿ ಮಾತಾಡಲು ಅಧಿಕಾರವುಳ್ಳವರು ಯಾರು ಎಂಬ ಪ್ರಶ್ನೆಯನ್ನು ನ್ಯಾಯಾಲಯ ಮೊದಲು ಬಿಡಿಸಿಕೊಳ್ಳಬೇಕಾಯಿತು. ಪಿಂಕಿ ವಿರಾನಿಯವರ ಕಾಳಜಿಯನ್ನು ಮೆಚ್ಚಿಕೊಂಡೇ, ನಿಜವಾದ ಆಪ್ತಮಿತ್ರರು ಹಗಲಿರುಳು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿ ಎಂದಿತು. ಮುಂದೆ ಆ ಸಿಬ್ಬಂದಿಯ ಮನಸ್ಸು ಬದಲಾದರೆ ಅವರು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು, ತಾವೇ ನಿರ್ಧರಿಸುವಂತಿಲ್ಲ ಎಂದೂ ಸೇರಿಸಿತು. ರಕ್ತಸಂಬಂಧವಲ್ಲ, ವಾರಸುದಾರಿಕೆಯಲ್ಲ, ಕಾಗದಪತ್ರವಲ್ಲ. ಮೈ ಒರೆಸಿದ ಕೈಗೆ ಮಾತಿನ ಹಕ್ಕು. ಆ ಕೈಯ ಮೇಲೂ ಒಂದು ಕಣ್ಣು. 2015ರ ಮೇ 18ರಂದು ಅರುಣಾ ತೀರಿಕೊಂಡರು. ಈ ತೀರ್ಪಿನಿಂದ ಹೊರಟ ಎಳೆಯೇ 2018ರಲ್ಲಿ, ತನ್ನ ಕೊನೆಗಾಲದ ಚಿಕಿತ್ಸೆ ಹೇಗಿರಬೇಕೆಂದು ಮೊದಲೇ ಬರೆದಿಡುವ ಹಕ್ಕಾಗಿ ಬೆಳೆಯಿತು. ಅದರ ಕಠಿಣ ವಿಧಿವಿಧಾನಗಳನ್ನು 2023ರಲ್ಲಿ ಸರಳಗೊಳಿಸಿದ್ದೂ ಆಯಿತು.

ಅರುಣಾರಿಗೆ ಆಸ್ತಿಯ ಗೊಡವೆ ಇರಲಿಲ್ಲ. ಕೋಮಾದಲ್ಲಿರುವ ಸಂಸಾರಸ್ಥನ ಮನೆಯ ಗೋಳು ಬೇರೆ. ಆಸ್ಪತ್ರೆಯ ಬಿಲ್ಲು ದಿನದಿನಕ್ಕೆ ಏರುತ್ತಿರುತ್ತದೆ, ಹಣ ಅವನ ಖಾತೆಯಲ್ಲೇ ಇರುತ್ತದೆ, ತೆಗೆಯುವಂತಿಲ್ಲ. ರೋಗಿಷ್ಠರ ಅನುಕೂಲಕ್ಕೆ ರಿಸರ್ವ್ ಬ್ಯಾಂಕು ಒಂದು ದಾರಿ ಮಾಡಿದೆ: ಸಹಿ ಮಾಡಲಾಗದವರ ಹೆಬ್ಬೆಟ್ಟಿನ ಇಲ್ಲವೆ ಕಾಲ್ಬೆರಳಿನ ಗುರುತನ್ನು, ಬ್ಯಾಂಕಿನ ಒಬ್ಬ ಜವಾಬ್ದಾರಿಯುತ ಅಧಿಕಾರಿಯೂ ಸೇರಿ ಇಬ್ಬರು ಸಾಕ್ಷಿಗಳ ಎದುರು ಪಡೆಯಬಹುದು. ಮೈಯಲ್ಲಿ ಶಕ್ತಿಯಿಲ್ಲದೆ ಬುದ್ಧಿ ನೆಟ್ಟಗಿರುವವರಿಗೆ ಇದು ಸರಿ. ಪ್ರಜ್ಞೆಯೇ ಇಲ್ಲದವನ ಬೆರಳನ್ನು ಹಿಡಿದು ಒತ್ತಿಸಿದರೆ ಅದು ಯಾರ ಗುರುತು?

‘ಜಿಪಿಎ ಮಾಡಿಸಿಟ್ಟಿದ್ದೇವೆ’ ಎಂದು ನಿಶ್ಚಿಂತೆಯಿಂದಿರುವವರು ಒಂದು ಮಾತನ್ನು ತಿಳಿದಿರಬೇಕು. ಕರಾರು ಕಾಯ್ದೆಯ 201ನೆಯ ಕಲಮಿನ ಪ್ರಕಾರ ಅಧಿಕಾರ ಕೊಟ್ಟವನ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಮಳೆ ಬಂದ ಕೂಡಲೇ ಮುಚ್ಚಿಕೊಳ್ಳುವ ಕೊಡೆ ಇದು. ಮರೆವಿನ ರೋಗದ ಅಪ್ಪನ ಜಿಪಿಎ ಇಟ್ಟುಕೊಂಡು ವರ್ಷಗಟ್ಟಲೆ ವ್ಯವಹಾರ ಮಾಡುವ ಮಕ್ಕಳಿದ್ದಾರೆ, ಯಾರೂ ತಕರಾರು ಎತ್ತುವವರೆಗೆ ನಡೆಯುತ್ತದೆ, ಅಷ್ಟೆ. ಇಂಗ್ಲೆಂಡು ಈ ತೊಡಕನ್ನು 1985ರಲ್ಲೇ ಬಿಡಿಸಿ, ಬುದ್ಧಿ ಕೆಟ್ಟ ಮೇಲೂ ಊರ್ಜಿತವಾಗಿರುವ ಅಧಿಕಾರ ಪತ್ರಕ್ಕೆ ಕಾನೂನು ಮಾಡಿತು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ.

ಕೋಮಾದವರಿಗೆ ಯಾವ ಶಾಸನವೂ ಇಲ್ಲದ್ದರಿಂದ ಹೆಂಡತಿ ಮಕ್ಕಳು ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಹಾಕಬೇಕು. 2019ರ ಫೆಬ್ರುವರಿಯಲ್ಲಿ ಕೇರಳ ಉಚ್ಚ ನ್ಯಾಯಾಲಯ ಇಂಥ ಒಂದು ಅರ್ಜಿಯನ್ನು ವಿಚಾರಿಸುತ್ತ, ಶಾಸನ ಬರುವ ತನಕ ಇರಲಿ ಎಂದು ತಾನೇ ನಿಯಮಗಳನ್ನು ರಚಿಸಿತು. ನರರೋಗ ತಜ್ಞರೂ ಇರುವ ವೈದ್ಯಕೀಯ ಮಂಡಳಿ ಪರೀಕ್ಷಿಸಬೇಕು. ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಮನೆಗೇ ಹೋಗಿ ನೋಡಬೇಕು. ಆಸ್ತಿಯ ವಿವರವನ್ನೆಲ್ಲ ಹೇಳಬೇಕು. ನೇಮಕವಾದ ಪಾಲಕ ಆರು ತಿಂಗಳಿಗೊಮ್ಮೆ ನ್ಯಾಯಾಲಯಕ್ಕೆ ವರದಿ ಕೊಡಬೇಕು. ಯಾರೂ ಇಲ್ಲದವರಿಗೆ ಸಮಾಜ ಕಲ್ಯಾಣ ಅಧಿಕಾರಿಯಂಥವರನ್ನು ನೇಮಿಸಬಹುದು. ದೆಹಲಿ, ಅಲಹಾಬಾದ್ ಉಚ್ಚ ನ್ಯಾಯಾಲಯಗಳೂ ಆಮೇಲೆ ಇದೇ ಜಾಡಿನಲ್ಲಿ ನಡೆದಿವೆ. ಒಳ್ಳೆಯ ನಿಯಮಗಳೇ. ಆದರೆ ಗಂಡನನ್ನು ತೀವ್ರ ನಿಗಾ ಘಟಕದಲ್ಲಿ ಬಿಟ್ಟು ರಾಜಧಾನಿಯಲ್ಲಿ ವಕೀಲರನ್ನು ಹುಡುಕುವುದು ಎಷ್ಟು ಹೆಂಗಸರಿಂದ ಸಾಧ್ಯ?

ಈ ನಡುವೆ ಜಗತ್ತಿನ ದೃಷ್ಟಿಯೇ ಬದಲಾಗುತ್ತಿತ್ತು. 2006ರ ಕೊನೆಯಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿ, 2007ರಲ್ಲಿ ಭಾರತ ಒಪ್ಪಿಕೊಂಡ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ, ಕಾನೂನಿನ ಎದುರು ಎಲ್ಲರಿಗೂ ಸಮಾನ ಸಾಮರ್ಥ್ಯವಿದೆ ಎನ್ನುತ್ತದೆ. ಒಬ್ಬನಿಗೆ ನಿರ್ಧರಿಸಲು ಕಷ್ಟವಾದರೆ ಅವನ ಬದಲಿಗೆ ನಿರ್ಧರಿಸಬೇಡಿ, ಅವನು ನಿರ್ಧರಿಸಲು ನೆರವಾಗಿ ಎಂಬುದು ಅದರ ಧೋರಣೆ. ಇದನ್ನು ಅನುಸರಿಸಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸೀಮಿತ ಪಾಲಕತ್ವ’ವನ್ನು ತಂದಿತು: ಇಂಥ ನಿರ್ಧಾರಕ್ಕೆ, ಇಷ್ಟು ಅವಧಿಗೆ, ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ, ಇಬ್ಬರೂ ಕೂಡಿ ತೆಗೆದುಕೊಳ್ಳುವ ತೀರ್ಮಾನ. ಬೇರೆ ಕಾನೂನುಗಳಡಿ ನೇಮಕವಾದ ಪಾಲಕರೂ ಸೀಮಿತ ಪಾಲಕರಂತೆಯೇ ನಡೆದುಕೊಳ್ಳಬೇಕು ಎಂದೂ ಅದರಲ್ಲಿದೆ. ತಾನು ಹೀಗೆ ಸೀಮಿತನಾಗಿದ್ದೇನೆ ಎಂಬ ಸುದ್ದಿ ಎಷ್ಟು ಪಾಲಕರಿಗೆ ತಲುಪಿದೆಯೋ!

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಯಿತು. ಚಿಕಿತ್ಸೆಯ ವಿಷಯದಲ್ಲಿ ತನ್ನ ಪರ ಮಾತಾಡುವವರನ್ನು ರೋಗಿಯೇ ಒಂದು ಬಿಳಿ ಹಾಳೆಯ ಮೇಲೆ ಬರೆದು ನೇಮಿಸಿಕೊಳ್ಳಬಹುದು, ಬೇಡವೆನಿಸಿದಾಗ ಬದಲಾಯಿಸಬಹುದು. ಆದರೆ ಹಳೆಯ 1987ರ ಕಾಯ್ದೆಯನ್ನು ರದ್ದುಮಾಡುವ ಭರದಲ್ಲಿ, ಅದರಲ್ಲಿದ್ದ ಆಸ್ತಿ ವ್ಯವಸ್ಥೆಯ ಅಧ್ಯಾಯವೂ ಹೊರಟುಹೋಯಿತು, ಅದರ ಜಾಗಕ್ಕೆ ಇಲ್ಲಿ ಏನೂ ಬರಲಿಲ್ಲ. ತಾನೇ ಆರಿಸಿದ ಪ್ರತಿನಿಧಿ ರೋಗಿಯ ಮಾತ್ರೆಯ ಬಗ್ಗೆ ಡಾಕ್ಟರರ ಹತ್ತಿರ ಮಾತಾಡಬಹುದು, ರೋಗಿಯ ಮನೆಬಾಡಿಗೆಯ ಬಗ್ಗೆ ಬ್ಯಾಂಕಿನವರ ಹತ್ತಿರ ಮಾತಾಡುವಂತಿಲ್ಲ. ಹಳೆಯ ಕಾನೂನು ಆಸ್ತಿಯನ್ನು ನೋಡಿ ಮನುಷ್ಯನನ್ನು ಮರೆತಿತ್ತು. ಹೊಸದು ಮನುಷ್ಯನನ್ನು ನೋಡಿ, ಅವನಿಗೂ ಒಂದು ಪಾಸ್‌ಬುಕ್ ಇರುತ್ತದೆ ಎಂಬುದನ್ನು ಮರೆಯಿತು.

ನಮ್ಮಲ್ಲಿ ಪಾಲಕತ್ವ ಇನ್ನೂ ಮನೆಯವರ ಹೊರೆ. ಹೊರದೇಶಗಳಲ್ಲಿ ಅದೊಂದು ವೃತ್ತಿ. ಜಪಾನಿನಲ್ಲಿ 2000ನೇ ಇಸವಿಯಲ್ಲಿ ಹೊಸ ಪದ್ಧತಿ ಬಂದಾಗ ಹತ್ತರಲ್ಲಿ ಒಂಬತ್ತು ಪಾಲಕರು ಬಂಧುಗಳೇ ಆಗಿದ್ದರು. ಈಗ ಹೊಸ ನೇಮಕಗಳಲ್ಲಿ ಹತ್ತರಲ್ಲಿ ಎಂಟರಷ್ಟು ವಕೀಲರು, ಸಮಾಜ ಕಾರ್ಯಕರ್ತರು ಮುಂತಾದ ಹೊರಗಿನವರು. ಪಾಲಕರಿದ್ದವರಿಗೆ ಅಲ್ಲಿ ಮತದಾನದ ಹಕ್ಕೇ ಇರಲಿಲ್ಲ. ಅದು ಸಂವಿಧಾನಬಾಹಿರ ಎಂದು 2013ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಹೇಳಿದ ಮೇಲೆ ಕಾನೂನು ತಿದ್ದುಪಡಿಯಾಯಿತು. ಸಂಬಳ ಪಡೆಯುವ ಪಾಲಕ ದಾಯಾದಿಯಲ್ಲ, ಆಸ್ತಿಯ ಆಸೆ ಅವನಿಗಿಲ್ಲ ಎಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. ಅಮೆರಿಕದ ನೆವಾಡಾದಲ್ಲಿ ವೃದ್ಧರ ಪಾಲಕಳಾಗಿ ನೇಮಕಗೊಂಡು ಅವರ ಹಣವನ್ನು ದೋಚಿದ ಒಬ್ಬ ವೃತ್ತಿಪರ ಪಾಲಕಿಗೆ 2019ರಲ್ಲಿ ಹದಿನಾರರಿಂದ ನಲವತ್ತು ವರ್ಷಗಳ ಶಿಕ್ಷೆಯಾಯಿತು. ತೋಳವನ್ನು ಕುರಿ ಕಾಯಲು ಬಿಡಬಾರದು ಸರಿ; ಸಂಬಳದ ಕುರುಬನ ಮಂದೆಯನ್ನೂ ಆಗಾಗ ಎಣಿಸಿ ನೋಡಬೇಕಾಗುತ್ತದೆ. ಜರ್ಮನಿ 1992ರಲ್ಲೇ ಒಬ್ಬನನ್ನು ಪೂರ್ತಿ ಅಸಮರ್ಥ ಎಂದು ಸಾರುವ ಪದ್ಧತಿಯನ್ನು ತೆಗೆದುಹಾಕಿ, ಅಗತ್ಯವಿದ್ದಷ್ಟು ಮಾತ್ರ ನೆರವು ಎಂಬ ನಿಯಮ ಮಾಡಿತು.

ಎಣಿಸುವವರು ನಮ್ಮಲ್ಲೂ ಇರಬೇಕೆಂದು ಕಾನೂನು ಹೇಳುತ್ತದೆ. ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪಾಲಕ ಹಿಂಸೆ ಕೊಟ್ಟರೆ, ಅಲಕ್ಷಿಸಿದರೆ, ಹಣ ನುಂಗಿದರೆ, ತಂದೆತಾಯಿ, ಬಂಧುಗಳು ಅಥವಾ ನೋಂದಾಯಿತ ಸಂಸ್ಥೆ ಸಮಿತಿಗೆ ದೂರು ಕೊಟ್ಟು ಅವನನ್ನು ತೆಗೆಸಬಹುದು. ತಂದೆತಾಯಿ ತೀರಿಕೊಂಡು, ಬಂಧುವೇ ಪಾಲಕನಾಗಿ, ಊರಲ್ಲಿ ಸಂಸ್ಥೆಯೇ ಇಲ್ಲದಿದ್ದಾಗ ದೂರು ಕೊಡುವವರು ಯಾರು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ. ಸಮಿತಿಗೆ ಸಲ್ಲಿಸುವ ವಾರ್ಷಿಕ ಲೆಕ್ಕದಲ್ಲಿ ಜಮಾ ಇದೆ, ಖರ್ಚು ಇದೆ. ಈ ವರ್ಷ ಅವನನ್ನು ಯಾವುದಾದರೂ ವಿಷಯಕ್ಕೆ ಕೇಳಿದಿರಾ ಎಂದು ವಿಚಾರಿಸುವ ಕಲಮು ಅದರಲ್ಲಿಲ್ಲ.

ಅದಕ್ಕೇ ಇರಬೇಕು, ಇಂಥ ಮಕ್ಕಳ ತಂದೆತಾಯಿಗಳು ಉಯಿಲು, ಟ್ರಸ್ಟು, ಸಮಿತಿಯ ಆದೇಶ ಎಲ್ಲ ಮಾಡಿಸಿದ ಮೇಲೂ ಒಂದು ನೋಟುಪುಸ್ತಕ ಬರೆದಿಡುವುದುಂಟು. ಯಾವ ಕಾನೂನೂ ಅದನ್ನು ಕೇಳುವುದಿಲ್ಲ, ಮುಂದೆ ಪಾಲಕನಾಗಿ ಬರುವವನಿಗೆ ಅತ್ಯಂತ ಉಪಯೋಗಕ್ಕೆ ಬರುವ ದಾಖಲೆ ಅದೇ. ಬೆಳಗಿನ ಮಾತ್ರೆ ಯಾವುದು, ಫಿಟ್ಸ್ ಬಂದರೆ ಏನು ಮಾಡಬೇಕು, ಯಾವ ಡಾಕ್ಟರು ಎಂದರೆ ಹೆದರುವುದಿಲ್ಲ. ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರುತ್ತಾನೆ, ಎಳೆಯಬೇಡಿ. ಸ್ನಾನಕ್ಕೆ ನೀರು ಉಗುರುಬೆಚ್ಚಗಿರಬೇಕು. ಹಸಿವಾದಾಗ ಕೇಳುವುದಿಲ್ಲ, ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ.